ಗಿಟಾರ್ ಬೋರ್ಡ್: ಮನೆಯಲ್ಲಿ ವಿನ್ಯಾಸ, ಕಾರ್ಖಾನೆಯಲ್ಲಿ ಜೋಡಣೆ, ಆರ್ಡರ್‌ಗೆ ಮುನ್ನ ತಾಳೆ ನೋಡಿದವನೇ ಜಾಣ

ಮುಂಬಯಿ: ಮಹಾನಗರದ ಕನ್ನಡ ಸಂಘಗಳ ವಾರ್ಷಿಕೋತ್ಸವ ಇರಲಿ, ಕಾಲೇಜು ಹುಡುಗರ ಬ್ಯಾಂಡ್ ಇರಲಿ, ವೇದಿಕೆಯಲ್ಲಿ ಒಂದು ದೂರು ಆಗಾಗ ಕೇಳಿಬರುತ್ತದೆ. ಹಾಡುಗಾರನ ದನಿ ಸರಿಯಾಗಿದೆ, ತಬಲಾ, ಕೀಬೋರ್ಡ್ ಚೆನ್ನಾಗಿ ಕೇಳುತ್ತಿವೆ, ಗಿಟಾರ್ ಮಾತ್ರ ತಗಡು ಬಡಿದಂತೆ ಕೀರಲಾಗಿದೆ. ಮೈಕ್ ವ್ಯವಸ್ಥೆಯವನನ್ನು ಬೈದು ಸುಮ್ಮನಾಗುವುದು ರೂಢಿ. ಆದರೆ ಹಲವು ಬಾರಿ ತಪ್ಪು ಅವನದಲ್ಲ. ಗಿಟಾರ್‌ಗೂ ಮಿಕ್ಸರ್‌ಗೂ ನಡುವೆ ಇರಬೇಕಾದ ಒಂದು ಪುಟ್ಟ ಸರ್ಕ್ಯೂಟ್ ಅಲ್ಲಿ ಇರುವುದಿಲ್ಲ, ಅಷ್ಟೆ.

ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ ಹಿಡಿಸುವ ಆ ಸರ್ಕ್ಯೂಟನ್ನು ಮನೆಯ ಕಂಪ್ಯೂಟರಿನಲ್ಲೇ ವಿನ್ಯಾಸ ಮಾಡಿ, ಬಿಡಿಭಾಗಗಳನ್ನು ಜೋಡಿಸಿದ ಸ್ಥಿತಿಯಲ್ಲೇ ಕಾರ್ಖಾನೆಯಿಂದ ತರಿಸಿಕೊಳ್ಳುವುದು ಇಂದು ಹವ್ಯಾಸಿಗಳಿಗೆ ಸಾಧ್ಯವಾಗಿದೆ. ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಬೇಕಾದದ್ದು ಸ್ವಲ್ಪ ಓದು, ಬಹಳಷ್ಟು ತಾಳ್ಮೆ, ಮುಖ್ಯವಾಗಿ ತಾಳೆ ನೋಡುವ ಅಭ್ಯಾಸ. ಕಾರ್ಖಾನೆಯ ಯಂತ್ರ ಕಡತದಲ್ಲಿ ಇದ್ದಂತೆಯೇ ಮಾಡುತ್ತದೆ. ಕಡತದಲ್ಲಿ ತಪ್ಪಿದ್ದರೆ ತಪ್ಪನ್ನೂ ಅಷ್ಟೇ ಅಚ್ಚುಕಟ್ಟಾಗಿ ಮಾಡಿ ಕಳುಹಿಸುತ್ತದೆ. ಐದು ಬೋರ್ಡ್ ಕೇಳಿದ್ದರೆ ಐದರಲ್ಲೂ ಅದೇ ತಪ್ಪು!

ಕೀರಲು ದನಿಯ ಲೆಕ್ಕ

ಇಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿಯ ಕಂಪನವನ್ನು ಹಿಡಿಯುವುದು ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ಮರದ ಪೆಟ್ಟಿಗೆಯ ಅಕೌಸ್ಟಿಕ್ ಗಿಟಾರ್‌ನಲ್ಲಿ ಹೆಚ್ಚಾಗಿ ಬಳಸುವುದು ತಂತಿಗಳು ಕೂರುವ ಸೇತುವೆಯ ಕೆಳಗೆ ಇರಿಸುವ ಪೀಜೋ ಪಟ್ಟಿ. ಒತ್ತಡ ಬಿದ್ದಾಗ ವಿದ್ಯುತ್ ಹುಟ್ಟಿಸುವ ವಸ್ತು ಅದು. ಅದರ ಗುಣ ಒಂದು ಪುಟ್ಟ ಕೆಪಾಸಿಟರ್‌ನಂತೆ. ಅದನ್ನು ಯಾವ ಉಪಕರಣಕ್ಕೆ ಜೋಡಿಸಿದರೂ ಆ ಉಪಕರಣದ ಒಳಬಾಗಿಲಿನ ರೋಧ ಎಷ್ಟು ಎಂಬುದರ ಮೇಲೆ ಮಂದ್ರ ಸ್ವರಗಳು ಉಳಿಯುತ್ತವೋ ಸೋರಿಹೋಗುತ್ತವೋ ಎಂಬುದು ನಿಂತಿರುತ್ತದೆ.

ಲೆಕ್ಕ ಕಷ್ಟದ್ದಲ್ಲ. ಪೀಜೋದ ಕೆಪಾಸಿಟಿ 500 ಪಿಕೋ ಫ್ಯಾರಡ್ ಎಂದಿಟ್ಟುಕೊಳ್ಳೋಣ. ಒಳಬಾಗಿಲಿನ ರೋಧ 1 ಮೆಗಾ ಓಮ್ ಆಗಿದ್ದರೆ ಸುಮಾರು 318 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳು ಕ್ಷೀಣಿಸತೊಡಗುತ್ತವೆ. ಗಿಟಾರ್‌ನ ಅತಿ ದಪ್ಪ ತಂತಿಯ ಸ್ವರವೋ ಸುಮಾರು 82 ಹರ್ಟ್ಸ್. ಅಂದರೆ ಮಂದ್ರದ ಗಾಂಭೀರ್ಯವೇ ಹೋಯಿತು. ಮಿಕ್ಸರ್‌ನ ಸಾಮಾನ್ಯ ಲೈನ್ ಇನ್‌ಪುಟ್‌ನಂತೆ ರೋಧ 10 ಕಿಲೋ ಓಮ್ ಮಾತ್ರ ಇದ್ದರೆ ಈ ಗಡಿ 31,800 ಹರ್ಟ್ಸ್‌ಗೆ ಏರುತ್ತದೆ. ಮನುಷ್ಯರ ಕಿವಿಗೆ ಕೇಳಿಸುವ ಇಡೀ ವ್ಯಾಪ್ತಿಯೇ ಗಡಿಯ ಕೆಳಗೆ ಉಳಿಯಿತು. ಉಳಿಯುವುದು ಕೀರಲು ಮಾತ್ರ. ಅದೇ ರೋಧವನ್ನು 10 ಮೆಗಾ ಓಮ್‌ಗೆ ಏರಿಸಿದರೆ ಗಡಿ 32 ಹರ್ಟ್ಸ್‌ಗೆ ಇಳಿಯುತ್ತದೆ, ಗಿಟಾರ್ ತುಂಬಿದ ದನಿಯಲ್ಲಿ ಹಾಡುತ್ತದೆ.

ಈ ಕೆಲಸಕ್ಕೆ ಬೇಕಾದದ್ದೇ ಪ್ರೀ-ಆಂಪ್ ಎಂಬ ಸರ್ಕ್ಯೂಟ್. ಟಿಎಲ್ 072 ಎಂಬ ಒಂದು ಐಸಿ, ಏಳೆಂಟು ರೆಸಿಸ್ಟರ್, ಐದಾರು ಕೆಪಾಸಿಟರ್, ಒಂದು ಡಯೋಡ್, ಒಂದು ವಾಲ್ಯೂಮ್ ಕಂಟ್ರೋಲ್, ಎರಡು ಜ್ಯಾಕ್, ಒಂದು 9 ವೋಲ್ಟ್ ಬ್ಯಾಟರಿ. ಐಸಿ ಎಳೆಯುವ ವಿದ್ಯುತ್ ಸುಮಾರು 3 ಮಿಲಿ ಆಂಪ್ ಮಾತ್ರ. ಒಳ್ಳೆಯ ಆಲ್ಕಲೈನ್ ಬ್ಯಾಟರಿ ನೂರು ಗಂಟೆಗೂ ಮೀರಿ ಬಾಳುತ್ತದೆ. ಸರ್ಕ್ಯೂಟ್ ಚಿಕ್ಕದೆಂದು ಹಗುರವಾಗಿ ಕಾಣಬೇಕಾಗಿಲ್ಲ. ಲಂಡನ್ನಿನ ಆರ್ಬಿಟರ್ ಕಂಪೆನಿ 1966ರಲ್ಲಿ ಹೊರತಂದ, ಜಿಮಿ ಹೆಂಡ್ರಿಕ್ಸ್ ಬಳಸಿ ಜಗತ್ತಿಗೇ ಪರಿಚಯವಾದ ಫಝ್ ಫೇಸ್ ಪೆಡಲ್‌ನ ಸರ್ಕ್ಯೂಟ್‌ನಲ್ಲಿ ಇದ್ದದ್ದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಕಂಟ್ರೋಲ್, ಒಟ್ಟು ಹನ್ನೊಂದೇ ಬಿಡಿಭಾಗ.

ಲ್ಯಾಮಿಂಗ್ಟನ್ ರಸ್ತೆಯಿಂದ ಕಂಪ್ಯೂಟರ್ ಪರದೆಗೆ

ಮುಂಬಯಿಯ ಇಲೆಕ್ಟ್ರಾನಿಕ್ಸ್ ಹವ್ಯಾಸಿಗಳಿಗೆ ಗ್ರಾಂಟ್ ರೋಡ್ ನಿಲ್ದಾಣದ ಸಮೀಪದ ಲ್ಯಾಮಿಂಗ್ಟನ್ ರಸ್ತೆ ತೀರ್ಥಕ್ಷೇತ್ರವಿದ್ದಂತೆ. ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಎಂಬುದು ಅದರ ಅಧಿಕೃತ ಹೆಸರಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ ಹಾಗೆ. 1969ರಲ್ಲಿ ಆರಂಭವಾದ ಇಲೆಕ್ಟ್ರಾನಿಕ್ಸ್ ಫಾರ್ ಯು ಮಾಸಿಕದಲ್ಲಿ ಅಚ್ಚಾದ ಸರ್ಕ್ಯೂಟ್ ನೋಡಿ, ಇಲ್ಲಿ ಬಿಡಿಭಾಗ ಕೊಂಡು ರೇಡಿಯೋ, ಆಂಪ್ಲಿಫಯರ್ ಕಟ್ಟಿದ ಹವ್ಯಾಸಿಗಳ ಒಂದು ತಲೆಮಾರೇ ಇದೆ.

ಆಗ ಬೋರ್ಡ್ ಮಾಡುವುದೆಂದರೆ ತಾಮ್ರ ಲೇಪಿಸಿದ ಹಾಳೆಯ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು, ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ, ಬೇಡದ ತಾಮ್ರವನ್ನು ಕರಗಿಸುವುದು. ಒಂದು ಕೋಣೆ ಮತ್ತು ಅಡುಗೆಮನೆಯ ಬಿಡಾರದಲ್ಲಿ ಇದು ಸುಲಭದ ಮಾತಲ್ಲ. ಆ ದ್ರಾವಣದ ಕಲೆ ಬಟ್ಟೆಗೆ ಬಿದ್ದರೆ ಹೋಗದು, ಮೋರಿಗೆ ಸುರಿದರೆ ಲೋಹದ ಪೈಪು ಸವೆಯುತ್ತದೆ. ಬೆಸುಗೆಯ ಹೊಗೆ ಚಿಕ್ಕ ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಸೀಸ ಬೆರೆತ ಸೋಲ್ಡರ್ ಮುಟ್ಟಿದ ಕೈಯಲ್ಲಿ ತಿಂಡಿ ಮುಟ್ಟುವಂತಿಲ್ಲ.

ಈ ನಡುವೆ ಬಿಡಿಭಾಗಗಳ ರೂಪವೂ ಬದಲಾಯಿತು. ಉದ್ದ ಕಾಲಿನ ಟ್ರಾನ್ಸಿಸ್ಟರ್‌ಗಳ ಜಾಗದಲ್ಲಿ ಬೋರ್ಡಿನ ಮೇಲ್ಮೈಗೇ ಅಂಟಿಕೊಳ್ಳುವ ಅಕ್ಕಿಕಾಳಿನಷ್ಟು ಚಿಕ್ಕ ಭಾಗಗಳು ಬಂದವು. ಗಿಟಾರ್ ಸರ್ಕ್ಯೂಟ್ ಕಟ್ಟುವವರ ಅಚ್ಚುಮೆಚ್ಚಿನ ಜೆ 201 ಎಂಬ ಟ್ರಾನ್ಸಿಸ್ಟರ್ ಇದಕ್ಕೆ ಒಳ್ಳೆಯ ಉದಾಹರಣೆ. ದೊಡ್ಡ ಕಂಪೆನಿಗಳು ಅದರ ಕಾಲಿರುವ ರೂಪದ ತಯಾರಿಕೆಯನ್ನು ಕೈಬಿಟ್ಟ ಮೇಲೆ ಹಳೆಯ ಸ್ಟಾಕ್ ದುಬಾರಿಯಾಯಿತು, ನಕಲಿ ಮಾಲು ಸೇರಿಕೊಂಡಿತು. ಮೇಲ್ಮೈಗೆ ಅಂಟುವ ರೂಪ ಮಾತ್ರ ಸುಲಭವಾಗಿ ಸಿಗುವಂತಾಯಿತು. 0603 ಎಂಬ ಅಳತೆಯ ರೆಸಿಸ್ಟರ್ 1.6 ಮಿಲಿಮೀಟರ್ ಉದ್ದ, 0.8 ಮಿಲಿಮೀಟರ್ ಅಗಲ. ಚಾಳೀಸು ದಾಟಿದ ಕಣ್ಣಿಗೆ ಅದನ್ನು ಬೆಸೆಯುವುದು ಶಿಕ್ಷೆಯೇ ಸರಿ. ಆದ್ದರಿಂದಲೇ ಜೋಡಿಸಿದ ಬೋರ್ಡ್ ತರಿಸುವುದು ಸೋಮಾರಿತನವಲ್ಲ, ಕಾಲಕ್ಕೆ ತಕ್ಕ ದಾರಿ.

ಕಾರ್ಖಾನೆಗೆ ಹೋಗುವ ನಾಲ್ಕು ಕಡತ

ವಿನ್ಯಾಸಕ್ಕೆ ಬೇಕಾದ ತಂತ್ರಾಂಶ ಉಚಿತ. ಫ್ರಾನ್ಸಿನ ಜಾನ್ ಪಿಯರ್ ಶಾರಾ ಅವರು 1992ರಲ್ಲಿ ಆರಂಭಿಸಿದ ಕೈಕ್ಯಾಡ್ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಹಣ ತೆರದೆ ಬಳಸಬಹುದು. ಜಿನೀವಾದ ಸರ್ನ್ ವಿಜ್ಞಾನ ಸಂಸ್ಥೆಯೂ ಇದರ ಬೆಳವಣಿಗೆಗೆ ಕೈಜೋಡಿಸಿದೆ ಎಂಬುದು ಗಮನಾರ್ಹ. ಮೊದಲು ಸರ್ಕ್ಯೂಟಿನ ನಕ್ಷೆ ಬರೆಯಬೇಕು. ಬಳಿಕ ಪ್ರತಿ ಭಾಗಕ್ಕೂ ಬೋರ್ಡಿನ ಮೇಲೆ ಎಷ್ಟು ಜಾಗ, ಕಾಲುಗಳ ನಡುವೆ ಎಷ್ಟು ಅಂತರ ಎಂದು ಹೇಳುವ ಫುಟ್‌ಪ್ರಿಂಟ್ ಆರಿಸಬೇಕು. ಕೊನೆಗೆ ಭಾಗಗಳನ್ನು ಬೋರ್ಡಿನ ಮೇಲೆ ಹೊಂದಿಸಿ ತಾಮ್ರದ ದಾರಿ ಎಳೆಯಬೇಕು.

ಕಾರ್ಖಾನೆಗೆ ಹೋಗುವುದು ನಾಲ್ಕು ಬಗೆಯ ಕಡತಗಳು. ತಾಮ್ರದ ಗೆರೆ, ಬಣ್ಣದ ಲೇಪ, ಅಚ್ಚಿನ ಅಕ್ಷರಗಳನ್ನು ತಿಳಿಸುವ ಗರ್ಬರ್ ಕಡತ ಮೊದಲನೆಯದು. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ಪಾರಾಗಿ ಅಮೆರಿಕ ಸೇರಿದ ಜೋಸೆಫ್ ಗರ್ಬರ್ ಅವರು ಸ್ಥಾಪಿಸಿದ ಕಂಪೆನಿಯಿಂದ ಬಂದ ಹೆಸರಿದು. ರಂಧ್ರಗಳ ಜಾಗ ಮತ್ತು ಗಾತ್ರ ಹೇಳುವ ಡ್ರಿಲ್ ಕಡತ ಎರಡನೆಯದು. ಯಾವ ಭಾಗ, ಎಷ್ಟು, ಯಾವ ಮೌಲ್ಯದ್ದು ಎಂದು ಹೇಳುವ ಬಿಡಿಭಾಗಗಳ ಪಟ್ಟಿ ಮೂರನೆಯದು. ಒಂದೊಂದು ಭಾಗವನ್ನೂ ಎಲ್ಲಿ ಇರಿಸಬೇಕು, ಎಷ್ಟು ಡಿಗ್ರಿ ತಿರುಗಿಸಬೇಕು ಎಂದು ಯಂತ್ರಕ್ಕೆ ಹೇಳುವ ಸ್ಥಾನಪಟ್ಟಿ ನಾಲ್ಕನೆಯದು. ಬರಿಯ ಬೋರ್ಡ್ ಸಾಕೆಂದರೆ ಮೊದಲ ಎರಡು ಸಾಕು. ಜೋಡಣೆಯೂ ಆಗಬೇಕೆಂದರೆ ನಾಲ್ಕೂ ಬೇಕು, ನಾಲ್ಕೂ ಪರಸ್ಪರ ತಾಳೆಯಾಗಬೇಕು. ನಕ್ಷೆಯಲ್ಲಿ ಆರ್ 7 ಎಂದಿರುವುದು ಪಟ್ಟಿಯಲ್ಲೂ ಆರ್ 7 ಆಗಿರಬೇಕು, ಸ್ಥಾನಪಟ್ಟಿಯಲ್ಲೂ ಇರಬೇಕು.

ಹವ್ಯಾಸಿಗಳಿಗೆ ಕೆಲವು ಸರಳ ಸೂತ್ರಗಳಿವೆ. ಯಂತ್ರ ಜೋಡಿಸುವ ಭಾಗಗಳೆಲ್ಲ ಬೋರ್ಡಿನ ಒಂದೇ ಮಗ್ಗುಲಲ್ಲಿ ಇರಲಿ. ಎರಡೂ ಮಗ್ಗುಲಾದರೆ ಖರ್ಚು ಏರುತ್ತದೆ. ತೀರಾ ಚಿಕ್ಕ 0603ರ ಬದಲು 2 ಮಿಲಿಮೀಟರ್ ಉದ್ದದ 0805 ಅಳತೆ ಆರಿಸಿದರೆ ಮುಂದೆ ಕೈಯಿಂದ ರಿಪೇರಿ ಮಾಡಬಹುದು. ಜ್ಯಾಕ್, ವಾಲ್ಯೂಮ್ ಕಂಟ್ರೋಲ್‌ನಂತಹ ದೊಡ್ಡ ಭಾಗಗಳನ್ನು ಮನೆಯಲ್ಲೇ ಬೆಸೆದರೆ ಹಣವೂ ಉಳಿಯುತ್ತದೆ, ಕಲಿತಂತೆಯೂ ಆಗುತ್ತದೆ. ಗಿಟಾರ್‌ನಿಂದ ಬರುವ ದಾರಿ ಗಿಡ್ಡವಾಗಿರಲಿ, ವಿದ್ಯುತ್ ಬರುವ ದಾರಿಯಿಂದ ದೂರವಿರಲಿ. ಉಳಿದ ಜಾಗವನ್ನೆಲ್ಲ ನೆಲೆಗೆ ಸೇರಿದ ತಾಮ್ರದಿಂದ ತುಂಬಿದರೆ ಗುಂಯ್‌ಗುಡುವ ಸದ್ದು ತಗ್ಗುತ್ತದೆ. ದನಿ ಹಾದುಹೋಗುವ ಜಾಗದಲ್ಲಿ ಎಕ್ಸ್7ಆರ್ ಬಗೆಯ ಸೆರಾಮಿಕ್ ಕೆಪಾಸಿಟರ್ ಬದಲು ಸಿ0ಜಿ ಅಥವಾ ಫಿಲ್ಮ್ ಬಗೆಯದು ಉತ್ತಮ. ಮೊದಲಿನದು ಬೋರ್ಡ್ ತಟ್ಟಿದರೂ ಸದ್ದು ಹಿಡಿಯುವ ಸ್ವಭಾವದ್ದು.

ತಪ್ಪುವುದು ಎಲ್ಲಿ?

ಜೋಡಣೆಯಲ್ಲಿ ಎಡವುವ ಜಾಗಗಳು ಹೆಚ್ಚಿಲ್ಲ, ಆದರೆ ಒಂದೊಂದೂ ದುಬಾರಿ. ಮೊದಲನೆಯದು ಐಸಿಯ ದಿಕ್ಕು. ತಂತ್ರಾಂಶ ಸೊನ್ನೆ ಡಿಗ್ರಿ ಎನ್ನುವುದಕ್ಕೂ ಕಾರ್ಖಾನೆಯ ರೀಲಿನಲ್ಲಿ ಭಾಗ ಮಲಗಿರುವ ದಿಕ್ಕಿಗೂ ಹೊಂದಿಕೆ ಇರಲೇಬೇಕೆಂದಿಲ್ಲ. ಟಿಎಲ್ 072ರಲ್ಲಿ 8ನೇ ಕಾಲಿಗೆ ಬ್ಯಾಟರಿಯ ಧನ ತುದಿ, 4ನೇ ಕಾಲಿಗೆ ಋಣ ತುದಿ. ಐಸಿ 180 ಡಿಗ್ರಿ ತಿರುಗಿ ಕೂತರೆ 8ರ ಜಾಗಕ್ಕೆ 4 ಬರುತ್ತದೆ, ಬ್ಯಾಟರಿ ಉಲ್ಟಾ ಹಾಕಿದಂತೆಯೇ ಆಗುತ್ತದೆ. ಐಸಿ ಸುಟ್ಟಂತೆಯೇ. ಆರ್ಡರ್‌ಗೆ ಮುನ್ನ ಕಾರ್ಖಾನೆಯವರು ಪರದೆಯ ಮೇಲೆ ತೋರಿಸುವ ಚಿತ್ರದಲ್ಲಿ 1ನೇ ಕಾಲಿನ ಚುಕ್ಕೆ, ಡಯೋಡಿನ ಪಟ್ಟಿ ಸರಿಯಾದ ಕಡೆ ಇವೆಯೇ ಎಂದು ಒಂದೊಂದಾಗಿ ನೋಡಲೇಬೇಕು.

ಎರಡನೆಯದು ವಾಲ್ಯೂಮ್ ಕಂಟ್ರೋಲ್. ಪೆಡಲ್‌ಗಳಲ್ಲಿ ಅದು ಬೋರ್ಡಿನ ಹಿಂಬದಿಯಲ್ಲಿ ಕೂರುವುದೇ ಹೆಚ್ಚು. ಹಿಂಬದಿಗೆ ಹೋದಾಗ 1 ಮತ್ತು 3ನೇ ಕಾಲುಗಳು ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗುತ್ತವೆ. ಇದನ್ನು ಮರೆತರೆ ಬಲಕ್ಕೆ ತಿರುಗಿಸಿದಾಗ ದನಿ ಇಳಿಯುತ್ತದೆ. ದನಿ ಏರಿಳಿತಕ್ಕೆ ಎ ಗುರುತಿನ ಲಾಗ್ ಬಗೆಯದನ್ನು ಬಳಸಬೇಕು. ಬಿ ಗುರುತಿನದನ್ನು ಹಾಕಿದರೆ ದನಿ ಕಾಲು ಸುತ್ತಿನಲ್ಲೇ ಜೋರಾಗಿ, ಉಳಿದ ಮುಕ್ಕಾಲು ಸುತ್ತು ವ್ಯರ್ಥ ಎನಿಸುತ್ತದೆ.

ಮೂರನೆಯದು ಕಾಲುಗಳ ಕ್ರಮ. ಬಿಸಿ 547 ಮತ್ತು 2ಎನ್ 3904 ಎರಡೂ ಒಂದೇ ಆಕಾರದ ಟ್ರಾನ್ಸಿಸ್ಟರ್‌ಗಳು, ಹಲವೆಡೆ ಒಂದರ ಬದಲು ಇನ್ನೊಂದು ನಡೆಯುತ್ತದೆ. ಆದರೆ ಒಂದರ ಕಾಲುಗಳ ಕ್ರಮ ಇನ್ನೊಂದಕ್ಕೆ ತಿರುವುಮುರುವು. ಒಂದರ ಸ್ಟಾಕ್ ಮುಗಿದಿದೆಯೆಂದು ಪಟ್ಟಿಯಲ್ಲಿ ಹೆಸರು ಮಾತ್ರ ಬದಲಿಸಿ ಆರ್ಡರ್ ಒತ್ತಿದರೆ ಕಥೆ ಮುಗಿದಂತೆ. ನಾಲ್ಕನೆಯದು ಅಡಾಪ್ಟರ್. ಗಿಟಾರ್ ಪೆಡಲ್‌ಗಳಲ್ಲಿ ರೂಢಿಯಲ್ಲಿರುವುದು ನಡುವಿನ ಕಡ್ಡಿ ಋಣ, ಹೊರಸುತ್ತು ಧನ. ಬೇರೆ ಉಪಕರಣಗಳ ಅಡಾಪ್ಟರ್‌ಗಳಲ್ಲಿ ಹೆಚ್ಚಾಗಿ ಇದರ ವಿರುದ್ಧ. ಒಂದು 1ಎನ್ 5817 ಡಯೋಡ್ ದಾರಿಯಲ್ಲಿ ಇಟ್ಟರೆ ತಪ್ಪು ಅಡಾಪ್ಟರ್ ಚುಚ್ಚಿದರೂ ಬೋರ್ಡ್ ಉಳಿಯುತ್ತದೆ.

ಇವೆಲ್ಲಕ್ಕೂ ಒಂದು ಅಗ್ಗದ ಪರೀಕ್ಷೆಯಿದೆ. ಬೋರ್ಡಿನ ಚಿತ್ರವನ್ನು ಕಾಗದದ ಮೇಲೆ ನಿಜ ಅಳತೆಯಲ್ಲೇ ಮುದ್ರಿಸಿ, ಜ್ಯಾಕ್, ಕಂಟ್ರೋಲ್, ಸ್ವಿಚ್‌ಗಳನ್ನು ಅದರ ಮೇಲಿಟ್ಟು ನೋಡುವುದು. ಪೆಟ್ಟಿಗೆಯೊಳಗೂ ಆ ಕಾಗದವನ್ನು ಇಟ್ಟು ನೋಡುವುದು. ಝೆರಾಕ್ಸ್ ಅಂಗಡಿಯ ಒಂದು ಹಾಳೆಯ ಖರ್ಚಿನಲ್ಲಿ ಐದು ಬೋರ್ಡ್‌ಗಳ ನಷ್ಟ ತಪ್ಪುತ್ತದೆ. ಇನ್ನೂ ಮುನ್ನೆಚ್ಚರಿಕೆ ಬೇಕೆಂದರೆ ಅದೇ ಸರ್ಕ್ಯೂಟನ್ನು ಕಾಲಿರುವ ಭಾಗಗಳಿಂದ ಬ್ರೆಡ್‌ಬೋರ್ಡ್ ಮೇಲೆ ಕಟ್ಟಿ, ದನಿ ಕೇಳಿ ತೃಪ್ತಿಯಾದ ಬಳಿಕವೇ ವಿನ್ಯಾಸಕ್ಕೆ ಕೈಹಾಕಬೇಕು.

ಹಣದ ಲೆಕ್ಕ

ಜೋಡಣೆಯ ಬಿಲ್ಲಿನಲ್ಲಿ ಎರಡು ಬಗೆಯ ಖರ್ಚುಗಳಿರುತ್ತವೆ. ಯಂತ್ರ ಸಿದ್ಧಪಡಿಸುವ, ಸೋಲ್ಡರ್ ಹಚ್ಚುವ ಅಚ್ಚು ಕತ್ತರಿಸುವ, ವಿರಳ ಭಾಗಗಳ ರೀಲ್ ಏರಿಸುವ ಖರ್ಚು ಬೋರ್ಡ್ ಎಷ್ಟೇ ಇದ್ದರೂ ಹೆಚ್ಚುಕಡಿಮೆ ಅಷ್ಟೇ. ಭಾಗಗಳ ಬೆಲೆ ಮಾತ್ರ ಸಂಖ್ಯೆಗೆ ತಕ್ಕಂತೆ ಏರುತ್ತದೆ. ಮೊದಲ ಬಗೆಯದು 1,000 ರೂ. ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ ಎರಡು ಬೋರ್ಡಿಗೆ ತಲಾ 500 ರೂ., ಐದಕ್ಕೆ ತಲಾ 200 ರೂ., ಇಪ್ಪತ್ತಕ್ಕೆ ತಲಾ 50 ರೂ. ಬೀಳುತ್ತದೆ. ಹಾಗೆಂದು ಮೊದಲ ಬಾರಿಗೇ ಇಪ್ಪತ್ತು ತರಿಸುವುದು ಜಾಣತನವಲ್ಲ. ನಾಲ್ಕೈದು ಗೆಳೆಯರು ಸೇರಿ ಒಂದೇ ಆರ್ಡರ್ ಹಾಕಿ ಖರ್ಚು ಹಂಚಿಕೊಳ್ಳುವುದು ಉತ್ತಮ. ಸಂಘದ ಯುವ ವಿಭಾಗಕ್ಕೂ ಇದು ಒಪ್ಪುವ ಕೆಲಸ. ಆದಷ್ಟು ಕಾರ್ಖಾನೆಯಲ್ಲಿ ಸದಾ ಏರಿಸಿಟ್ಟಿರುವ ಸಾಮಾನ್ಯ ಭಾಗಗಳನ್ನೇ ವಿನ್ಯಾಸದಲ್ಲಿ ಬಳಸಿದರೆ ರೀಲಿನ ಶುಲ್ಕವೂ ತಪ್ಪುತ್ತದೆ.

ಈ ಕೆಲಸದಲ್ಲಿ ಹೆಸರಾದ ಹಲವು ಕಾರ್ಖಾನೆಗಳು ಚೀನಾದ ಶೆನ್‌ಝೆನ್‌ನಲ್ಲಿವೆ. ಭಾರತದಲ್ಲೂ, ಬೆಂಗಳೂರೂ ಸೇರಿದಂತೆ, ಇಂತಹ ಸೇವೆ ಲಭ್ಯವಿದೆ. ವಿದೇಶದಿಂದ ತರಿಸುವವರು ಪರದೆಯ ಮೇಲಿನ ಬೆಲೆಯನ್ನೇ ಪೂರ್ತಿ ಬೆಲೆ ಎಂದು ತಿಳಿದು ಮೋಸಹೋಗಬಾರದು. ಸಾಗಣೆ ವೆಚ್ಚ, ಕಾರ್ಡಿನ ವಿದೇಶಿ ವಿನಿಮಯ ಶುಲ್ಕ, ಆಮದು ಸುಂಕ, ಅದರ ಮೇಲೆ ಐಜಿಎಸ್‌ಟಿ, ಕೊರಿಯರ್ ಕಂಪೆನಿಯ ನಿರ್ವಹಣಾ ಶುಲ್ಕ ಎಲ್ಲವೂ ಸೇರುತ್ತವೆ. ಸುಂಕವನ್ನು ಲೆಕ್ಕ ಹಾಕುವುದು ಸಾಗಣೆ ವೆಚ್ಚವೂ ಸೇರಿದ ಮೊತ್ತದ ಮೇಲೆ. ಪಾರ್ಸೆಲ್ ಬಿಡಿಸಿಕೊಳ್ಳಲು ಕೆವೈಸಿ ದಾಖಲೆಗಳೂ ಬೇಕು. ಸುಂಕ ತಪ್ಪಿಸಲು ಉಡುಗೊರೆ ಎಂದು ಬರೆಸುವುದೂ, ಬೆಲೆ ಕಡಿಮೆ ತೋರಿಸುವುದೂ ಸಲ್ಲದು. ಉಡುಗೊರೆಗಳಿಗೆ ಇದ್ದ ಸುಂಕ ವಿನಾಯಿತಿಯನ್ನು ಸರಕಾರ 2019ರ ಡಿಸೆಂಬರ್‌ನಲ್ಲಿ ಹಿಂತೆಗೆದುಕೊಂಡಿದೆ.

ಹಣ ಪಾವತಿಯಲ್ಲಿ ಇನ್ನೊಂದು ತೊಡಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್ 1ರಿಂದ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶಿ ವ್ಯವಹಾರವನ್ನು ಗ್ರಾಹಕರೇ ಬ್ಯಾಂಕಿನ ಆಪ್ ಅಥವಾ ಶಾಖೆಯ ಮೂಲಕ ಆರಂಭಿಸಿಕೊಳ್ಳಬೇಕು, ಮಿತಿಯನ್ನೂ ಹಾಕಿಕೊಳ್ಳಬಹುದು. ಪಾವತಿ ತಿರಸ್ಕೃತವಾದರೆ ಮೊದಲು ನೋಡಬೇಕಾದ ಜಾಗ ಇದು. ಕೆಲಸ ಮುಗಿದ ಬಳಿಕ ಆ ಸೌಲಭ್ಯವನ್ನು ಮತ್ತೆ ಮುಚ್ಚಿಡುವುದು ಕ್ಷೇಮಕರ.

ಬೋರ್ಡ್ ಕೈಸೇರಿದ ಮೇಲೆ

ಪಾರ್ಸೆಲ್ ಬಂದ ಸಂಭ್ರಮದಲ್ಲಿ ನೇರವಾಗಿ ಬ್ಯಾಟರಿ ಜೋಡಿಸಬಾರದು. ಮೊದಲು ಮಲ್ಟಿಮೀಟರ್‌ನಿಂದ ಧನ ಮತ್ತು ಋಣ ತುದಿಗಳ ನಡುವೆ ಶಾರ್ಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಳಿಕ ಮೀಟರನ್ನು ಬ್ಯಾಟರಿಯ ದಾರಿಯಲ್ಲೇ ಇಟ್ಟು ಎಷ್ಟು ವಿದ್ಯುತ್ ಹರಿಯುತ್ತದೆ ಎಂದು ನೋಡಬೇಕು. ಮೂರ್ನಾಲ್ಕು ಮಿಲಿ ಆಂಪ್ ಇದ್ದರೆ ಸರಿ, ಹತ್ತಾರು ಇದ್ದರೆ ತಕ್ಷಣ ಕಳಚಬೇಕು. ಐಸಿಗೆ ಆಧಾರವಾಗಿ ಕೊಟ್ಟ ಮಧ್ಯದ ವೋಲ್ಟೇಜ್ ಬ್ಯಾಟರಿಯ ಅರ್ಧ, ಅಂದರೆ ಸುಮಾರು 4.5 ವೋಲ್ಟ್ ಇರಬೇಕು. ಇಷ್ಟೂ ತಾಳೆಯಾದ ಮೇಲೆಯೇ ಗಿಟಾರ್ ಜೋಡಿಸಬೇಕು. ಮೊದಲು ಒಂದೇ ಬೋರ್ಡನ್ನು ಪೂರ್ತಿ ಪರೀಕ್ಷಿಸಿ, ಉಳಿದ ನಾಲ್ಕನ್ನು ಹಾಗೆಯೇ ಇರಿಸಿಕೊಂಡರೆ ಒಂದು ಕೆಟ್ಟರೂ ಪಾಠ ಕಲಿಯಲು ಅವಕಾಶವಿರುತ್ತದೆ.

ಮನೆಯ ಹಿರಿಯರಿಗೂ ಒಂದು ಮಾತು. ಮಗ ಅಥವಾ ಮಗಳು 9 ವೋಲ್ಟ್ ಬ್ಯಾಟರಿಯಲ್ಲಿ ಎಷ್ಟು ಪ್ರಯೋಗ ಮಾಡಿದರೂ ಭಯಪಡಬೇಕಿಲ್ಲ. ಗೋಡೆಯ 230 ವೋಲ್ಟ್ ವಿದ್ಯುತ್ತಿಗೆ ನೇರವಾಗಿ ಜೋಡಿಸುವ ಸರ್ಕ್ಯೂಟುಗಳಿಗೂ, ಹಳೆಯ ವಾಲ್ವ್ ಆಂಪ್ಲಿಫಯರ್‌ಗಳಿಗೂ ಮಾತ್ರ ಅನುಭವಿಗಳ ಜತೆಯಿಲ್ಲದೆ ಕೈಹಾಕಕೂಡದು. ವಾಲ್ವ್ ಆಂಪ್ಲಿಫಯರ್‌ನೊಳಗೆ 300 ವೋಲ್ಟ್‌ಗೂ ಮೀರಿದ ವಿದ್ಯುತ್ ಇರಬಹುದು, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರುತ್ತದೆ.

ಮೊದಲ ಬೋರ್ಡ್‌ನಲ್ಲೇ ಎಲ್ಲವೂ ಸರಿಹೋಗುವುದು ಅಪರೂಪ. ನುರಿತ ಎಂಜಿನಿಯರುಗಳೂ ಎರಡನೇ ಆವೃತ್ತಿ ಮಾಡುತ್ತಾರೆ. ಆದ್ದರಿಂದ ಬೋರ್ಡಿನ ಮೂಲೆಯಲ್ಲಿ ಆವೃತ್ತಿಯ ಸಂಖ್ಯೆ ಮತ್ತು ದಿನಾಂಕ ಅಚ್ಚು ಹಾಕಿಸಬೇಕು. ಕಳುಹಿಸಿದ ನಾಲ್ಕೂ ಕಡತಗಳನ್ನು ಅದೇ ಸಂಖ್ಯೆಯಲ್ಲಿ ಜೋಪಾನವಾಗಿ ಇಡಬೇಕು. ಏನು ತಪ್ಪಿತು, ಏನು ಬದಲಿಸಿದ್ದು ಎಂದು ಒಂದು ನೋಟು ಪುಸ್ತಕದಲ್ಲಿ ಬರೆದಿಡಬೇಕು. ಜಮಾ-ಖರ್ಚು ಬರೆದಿಟ್ಟವನಿಗೆ ವರ್ಷದ ಕೊನೆಯಲ್ಲಿ ಲೆಕ್ಕ ಸಿಗುವಂತೆ, ಇದನ್ನು ಬರೆದಿಟ್ಟವನಿಗೆ ಎರಡನೇ ಆರ್ಡರ್ ಹೊತ್ತಿಗೆ ಕೈಹಿಡಿತ ಸಿಗುತ್ತದೆ. ಅಂಗಡಿಯಲ್ಲಿ ಸಿದ್ಧ ಪೆಡಲ್ ಕೊಂಡವನಿಗೆ ಪೆಡಲ್ ಮಾತ್ರ ದಕ್ಕೀತು. ತಾನೇ ವಿನ್ಯಾಸ ಮಾಡಿ ತರಿಸಿದವನಿಗೆ ಅದು ಕೆಟ್ಟಾಗ ಎಲ್ಲಿ ಮುಟ್ಟಬೇಕು ಎಂಬ ವಿದ್ಯೆಯೂ ಜತೆಗೆ ದಕ್ಕುತ್ತದೆ.